ಫಿನಾಯಿಲಕ್ಕನ ಅರ್ಧ ಬಂಡೆ

ಬಂದರಿನ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸ್ವಚ್ಛತಾ ಮೇಲ್ವಿಚಾರಕಿ ಎಂದು ಅವಳ ಕೋಣೆಯ ಬಾಗಿಲ ಮೇಲಿನ ಫಲಕ ಹೇಳುತ್ತಿತ್ತು. ಆದರೆ ದೊಡ್ಡ ಡಾಕ್ಟರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ಫಿನಾಯಿಲಕ್ಕ. ವಾರ್ಡಿಗೆ ಅವಳಿಗಿಂತ ಮೊದಲು ಅವಳ ವಾಸನೆ ಬರುತ್ತಿತ್ತು. ವಾಸನೆ ಮೂಗಿಗೆ ಬಡಿದದ್ದೇ ತಡ, ಹರಟೆ ಹೊಡೆಯುತ್ತಿದ್ದ ಕೆಲಸದವರು ಬಕೆಟ್ಟು ಹುಡುಕುತ್ತಿದ್ದರು. ಕಿಟಕಿಯ ಸರಳಿನ ಹಿಂಬದಿಯನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುವುದು ಅವಳ ರೂಢಿ. ಬೆರಳಲ್ಲಿ ಏನೂ ಕಾಣದಿದ್ದರೆ ಮುಂದೆ ಹೋಗುತ್ತಿದ್ದಳು. ಕಂಡರೆ ಏನೂ ಅನ್ನದೆ ಆ ಬೆರಳನ್ನು ಸಂಬಂಧಪಟ್ಟವರ ಮುಖದ ಮುಂದೆ ಹಿಡಿಯುತ್ತಿದ್ದಳು. ಒಮ್ಮೆ ಹಿರಿಯ ಸರ್ಜನ್ನರು ಹೊರಗಿನ ಚಪ್ಪಲಿಯಲ್ಲೇ ಆಪರೇಷನ್ ಕೋಣೆಯ ಹೊಸ್ತಿಲು ದಾಟಿದಾಗ, ಅವರ ಹಿಂದಿನಿಂದಲೇ ಮಾಪು ಹಿಡಿದು ಒಂದೊಂದು ಹೆಜ್ಜೆಯನ್ನೂ ಒರೆಸುತ್ತ ಹೋದಳಂತೆ. ಸರ್ಜನ್ನರು ತಿರುಗಿ ನೋಡಿ, ಬಂದ ದಾರಿಯಲ್ಲೇ ವಾಪಸು ಹೋಗಿ ಚಪ್ಪಲಿ ಬಿಟ್ಟು ಬಂದರಂತೆ.

ಇದು ಬರೀ ಚಟವಾಗಿರಲಿಲ್ಲ. ಅವಳಿಗೆ ಇನ್ನೂ ಮದುವೆಯಾಗಿರದ ಕಾಲದಲ್ಲಿ, ಕಾಲಿನ ಸಣ್ಣ ಗಾಯಕ್ಕೆಂದು ಅವಳ ತಮ್ಮ ಇದೇ ಆಸ್ಪತ್ರೆಗೆ ಸೇರಿದ್ದ. ಆಗ ವಾರ್ಡಿನ ಗೋಡೆಗಳು ಮೊಳಕಾಲಿನ ಎತ್ತರದವರೆಗೆ ಕಪ್ಪಾಗಿದ್ದವು. ಗಾಯ ನಂಜೇರಿ ಹುಡುಗ ತೀರಿಕೊಂಡ. ಆಮೇಲೆ ಅವಳು ಅದೇ ವಾರ್ಡಿನಲ್ಲಿ ಗುಡಿಸುವ ಕೆಲಸಕ್ಕೆ ಸೇರಿದಳು. ಕೊಳೆ ಕೊಲ್ಲುತ್ತದೆ, ತೊಳೆದರೆ ಜೀವ ಉಳಿಯುತ್ತದೆ ಎಂಬುದು ಅವಳ ಮಟ್ಟಿಗೆ ಚರ್ಚೆಯ ವಿಷಯವಾಗಿರಲಿಲ್ಲ.

ಮನೆಯಲ್ಲಿ ಮೂವರು. ಗಂಡ ಮೀನು ಬಂದರಿನ ಐಸ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವನು. ಅವನ ತಂಗಿ, ಅಂದರೆ ಫಿನಾಯಿಲಕ್ಕನ ನಾದಿನಿ, ಹಿತ್ತಲ ಕಡೆಯ ಕೋಣೆಯಲ್ಲಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ನೋಡೋಣ ನೋಡೋಣ ಎಂದು ತಳ್ಳುತ್ತ, ಕೊನೆಗೆ ಯಾರೂ ಕೇಳದ ವಯಸ್ಸಿಗೆ ಬಂದು ನಿರಾಳವಾಗಿದ್ದವಳು. ಅವಳ ಕೆಲಸ ದೀಪಸ್ತಂಭದ ಕೆಳಗಿನ ಬಂಡೆಗಳಲ್ಲಿ. ಕಡಲು ಇಳಿದಾಗ ಚಪ್ಪಟೆ ಉಳಿ ಹಿಡಿದು ಹೋಗಿ, ಬಂಡೆಗೆ ಗೊಂಚಲುಗೊಂಚಲಾಗಿ ಅಂಟಿಕೊಂಡ ಕಪ್ಪೆಚಿಪ್ಪುಗಳನ್ನು ಮೀಟಿ ತೆಗೆದು, ಬುಟ್ಟಿ ತುಂಬಿಸಿ ಮಾರುಕಟ್ಟೆಗೆ ಕೊಡುತ್ತಿದ್ದಳು. ಸಣ್ಣವನ್ನು ಬಿಟ್ಟು ದೊಡ್ಡವನ್ನಷ್ಟೇ ತೆಗೆಯುತ್ತಿದ್ದಳು. ಮನೆಗೆ ಬರುವಾಗ ಕಾಲಲ್ಲಿ ಮರಳು, ಸೆರಗಿನಲ್ಲಿ ಉಪ್ಪು, ಕೂದಲಲ್ಲಿ ಕಡಲಪಾಚಿಯ ವಾಸನೆ. ಹಿತ್ತಲಿನ ನಲ್ಲಿಯಲ್ಲಿ ಮೊಳಕಾಲವರೆಗೆ ತೊಳೆದುಕೊಂಡಲ್ಲದೆ ಒಳಗೆ ಬರಕೂಡದೆಂದು ಅತ್ತಿಗೆಯ ಕಟ್ಟಪ್ಪಣೆಯಿತ್ತು. ಇವಳು ಮರೆಯುತ್ತಿದ್ದಳು, ಅವಳು ಒರೆಸುತ್ತಿದ್ದಳು, ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತಿತ್ತು. ಗಂಡ ಮಾತ್ರ ಕಾರ್ಖಾನೆಯ ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದ: ನಮ್ಮ ಮನೆಗೆ ಹಿಂಬಾಗಿಲಿನಿಂದ ಕಡಲು ಬರುತ್ತೆ, ಮುಂಬಾಗಿಲಿನಿಂದ ಫಿನಾಯಿಲು ಬರುತ್ತೆ, ನಡುವೆ ನಾನು ಮಂಜುಗಡ್ಡೆ ಥರ ಕರಗ್ತಾ ಕೂತಿರ್ತೀನಿ.

ಒಂದು ವರ್ಷ ಮಂಜು ಕವಿದ ಬೆಳಗ್ಗೆ, ಬಂದರಿನ ಬಾಯಿಗೆ ಬರುತ್ತಿದ್ದ ಸರಕು ಹಡಗೊಂದು ದಾರಿ ತಪ್ಪಿ ನೀರಿನೊಳಗಿನ ದಿಬ್ಬಕ್ಕೆ ಹತ್ತಿ ಕೂತಿತು. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಟಗ್‌ಬೋಟುಗಳು ಬಂದು ಎಳೆದರೆ ಆಯಿತು ಎಂದರು. ಎಳೆಯುವಾಗ ಹಡಗಿನ ಹೊಟ್ಟೆ ಸೀಳಿತು. ಇಂಜಿನ್ನಿಗೆಂದು ತುಂಬಿದ್ದ ಎಣ್ಣೆ, ಕಾಕಂಬಿಯಂತೆ ಗಟ್ಟಿಯಾದ ಕಪ್ಪು ಎಣ್ಣೆ, ಉಬ್ಬರದ ಜೊತೆ ದಡಕ್ಕೆ ಬಂತು. ಊರಿಗೆ ಮೊದಲು ತಿಳಿದದ್ದು ವಾಸನೆಯಿಂದ. ರಸ್ತೆಗೆ ಹೊಸದಾಗಿ ಡಾಂಬರು ಹಾಕುತ್ತಿರಬೇಕೆಂದು ಜನ ಅಂದುಕೊಂಡರು.

ನಾದಿನಿ ಅವತ್ತು ಬುಟ್ಟಿಯಿಲ್ಲದೆ ಮನೆಗೆ ಬಂದಳು. ಒಳಗೆ ಬರಲಿಲ್ಲ. ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈಗಳನ್ನು ಮೈಗೆ ತಾಗದಂತೆ ಮುಂದಕ್ಕೆ ಚಾಚಿಕೊಂಡಿದ್ದಳು. ಮೊಳಕೈವರೆಗೆ ಕಪ್ಪು, ಕಾಲು ಪೂರ್ತಿ ಕಪ್ಪು. ಸೋಪಿಗೆ ಅದು ಜಗ್ಗಲಿಲ್ಲ. ಕೊನೆಗೆ ಫಿನಾಯಿಲಕ್ಕ ಅಡುಗೆ ಎಣ್ಣೆಯ ಬಾಟಲಿ ತಂದು, ಅದನ್ನೇ ಹಚ್ಚಿ, ಹಳೆಯ ಬಟ್ಟೆಯಲ್ಲಿ ಬೆರಳು ಬೆರಳಿನ ಸಂದಿಯನ್ನೂ ಒರೆಸಿದಳು. ಬಂಡೆಗಳ ಗತಿ ಏನೆಂದು ಕೇಳಿದಾಗ ನಾದಿನಿ, ಚಿಪ್ಪುಗಳು ಹೆಚ್ಚಿನವು ಬಾಯಿ ತೆರೆದುಕೊಂಡು ಸತ್ತಿವೆ, ಕೆಲವು ಪಾಚಿಯ ಅಡಿಯಲ್ಲಿ ಉಳಿದಿದ್ದರೂ ಇರಬಹುದು ಎಂದಳು. ಇಬ್ಬರೂ ಅವತ್ತು ಜಗಳವಾಡಲಿಲ್ಲ.

ಹಡಗಿನ ವಿಮೆಯವರ ಪರವಾಗಿ ದಡ ತೊಳೆಸಲು ಒಬ್ಬ ಗುತ್ತಿಗೆದಾರ ಬಂದ. ಅವನ ಬಳಿ ಯಂತ್ರಗಳಿದ್ದವು. ಕಡಲ ನೀರನ್ನೇ ಹೀರಿ, ಕುದಿಯುವ ಹತ್ತಿರಕ್ಕೆ ಕಾಯಿಸಿ, ಕಬ್ಬಿಣದ ಮೂತಿಯಿಂದ ಭರ್ರನೆ ಬಿಡುವ ಯಂತ್ರಗಳು. ಆಳುಗಳೂ ಸಿಕ್ಕರು, ಕೆಲಸವಿಲ್ಲದ ಮೀನುಗಾರರು. ಅವರನ್ನು ಹಿಡಿತದಲ್ಲಿಟ್ಟು ದುಡಿಸುವವರು ಬೇಕಿತ್ತು. ಆಸ್ಪತ್ರೆಯವರು ಫಿನಾಯಿಲಕ್ಕನನ್ನು ಎರವಲು ಕೊಟ್ಟರು. ಕೊಡದಿದ್ದರೂ ಅವಳು ಹೋಗುತ್ತಿದ್ದಳು.

ಬಂಡೆಗಳ ಕೆಲಸದಲ್ಲಿ ಅವಳನ್ನು ಕಂಡವರು ಈಗಲೂ ಹೇಳುತ್ತಾರೆ: ಆಸ್ಪತ್ರೆಯಲ್ಲಿ ಬೆಕ್ಕು, ಅಲ್ಲಿ ಹುಲಿ. ರಬ್ಬರು ಬೂಟು, ದಪ್ಪ ಕೈಗವಸು, ತಲೆಗೆ ಬಿಗಿದ ಟವೆಲು. ಮೂತಿಯನ್ನು ಹೇಗೆ ಓರೆಯಾಗಿ ಹಿಡಿಯಬೇಕು, ಬಿರುಕಿನೊಳಗಿನ ಎಣ್ಣೆಯನ್ನು ಹೇಗೆ ಕೆಳಗಿನಿಂದ ಎಬ್ಬಿಸಬೇಕು ಎಂದು ತಾನೇ ಹಿಡಿದು ತೋರಿಸುತ್ತಿದ್ದಳು. ಬಿಸಿನೀರು ಬಿದ್ದಲ್ಲಿ ಕಪ್ಪು ಕರಗಿ ಇಳಿಯುತ್ತಿತ್ತು. ಕೆಳಗೆ ಹಾಸಿದ ಹೀರುಬಟ್ಟೆ ಅದನ್ನು ಹಿಡಿಯುತ್ತಿತ್ತು. ಬಂಡೆ ಹಬೆಯಾಡುತ್ತ ಬೆಳ್ಳಗೆ ಹೊರಬರುತ್ತಿತ್ತು. ಎಣ್ಣೆಯ ಜೊತೆಗೆ ಪಾಚಿ, ಬಸವನಹುಳು, ಬಂಡೆಗೆ ಸುಣ್ಣದ ಗುಳ್ಳೆಯಂತೆ ಕಚ್ಚಿಕೊಂಡಿದ್ದ ಸಣ್ಣ ಜೀವಿಗಳು ಎಲ್ಲವೂ ಇಳಿದು ಹೋಗುತ್ತಿದ್ದವು. ಪತ್ರಿಕೆಯವರು ಬಂದು ಫೋಟೋ ತೆಗೆದರು. ತೊಳೆದ ಬಂಡೆಯ ಮೇಲೆ ಕೈ ಇಟ್ಟುಕೊಂಡು ಅವಳು ನಿಂತ ಚಿತ್ರ ಮುಖಪುಟದಲ್ಲಿ ಬಂತು. ಗಂಡ ಅದನ್ನು ಐಸ್ ಕಾರ್ಖಾನೆಯ ಗೋಡೆಗೆ ಅಂಟಿಸಿದ. ತೇವಕ್ಕೆ ಅದು ಬೇಗನೇ ಉದುರಿತು.

ನಾದಿನಿ ದಿನವೂ ದಡಕ್ಕೆ ಬಂದು ದೂರದಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬರುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಅತ್ತಿಗೆ ಅವಳತ್ತ ಕೈ ಬೀಸಿ, ಇಗೋ ನಿನ್ನ ಬಂಡೆ ಎಂಬಂತೆ ತೋರಿಸಿದರೆ, ಇವಳೂ ಕೈ ಎತ್ತುತ್ತಿದ್ದಳು.

ಕಡಲ ಸಂಶೋಧನಾ ಕೇಂದ್ರದಲ್ಲಿ ಒಬ್ಬರಿದ್ದರು. ಊರಿನವರು ಅವರನ್ನು ಕಡಲಮೇಷ್ಟ್ರು ಎನ್ನುತ್ತಿದ್ದರು. ಶಾಲೆಯ ಮಕ್ಕಳನ್ನು ದಡಕ್ಕೆ ಕರೆತಂದು ಏಡಿ ತೋರಿಸುವುದನ್ನು ನೋಡಿ ಬಂದ ಹೆಸರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಅವರು ಒಂದು ದಿನ ಸಾಲಿನ ಕೊನೆಯ ದೊಡ್ಡ ಬಂಡೆಯ ಸುತ್ತ ಹಳದಿ ಹಗ್ಗ ಕಟ್ಟಿ, ಫಿನಾಯಿಲಕ್ಕನ ಬಳಿ ಬಂದರು.

"ಈ ಒಂದನ್ನ ತೊಳೀದೆ ಬಿಟ್ಟುಬಿಡಿ ಅಕ್ಕ. ಗುತ್ತಿಗೆದಾರರು ಒಪ್ಪಿದ್ದಾರೆ."

"ಯಾಕೆ?"

"ಬಿಟ್ರೆ ಏನಾಗುತ್ತೆ ಅಂತ ನೋಡೋಕೆ."

"ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ವಾ?"

"ಇಲ್ಲ. ಗೊತ್ತಿದ್ರೆ ಬಿಡಿ ಅಂತ ಕೇಳ್ತಿರಲಿಲ್ಲ."

ಒಂದು ವಾರ್ಡಿನಲ್ಲಿ ಎಲ್ಲರ ಗಾಯವನ್ನೂ ತೊಳೆದು, ಒಬ್ಬನದನ್ನು ಮಾತ್ರ ಏನಾಗುತ್ತೋ ನೋಡೋಣ ಎಂದು ಬಿಟ್ಟ ಹಾಗಾಯಿತಲ್ಲ ಎಂದು ಅವಳು ಕೇಳಿದಳು. ಮೇಷ್ಟ್ರು ಸ್ವಲ್ಪ ಯೋಚಿಸಿ, ಹೌದು, ಒಂದು ಲೆಕ್ಕದಲ್ಲಿ ಹಾಗೆಯೇ ಎಂದು ಒಪ್ಪಿಕೊಂಡರು. ಆ ಉತ್ತರ ಅವಳಿಗೆ ಹಿಡಿಸಲಿಲ್ಲ. ವಾದ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಸಾಲಿನ ಬಂಡೆಗಳೆಲ್ಲ ಬೆಳ್ಳಗಾದವು. ಕೊನೆಯಲ್ಲಿ ಆ ಒಂದು ಮಾತ್ರ ಕರಿಬೆಕ್ಕಿನಂತೆ ಕೂತಿತ್ತು. ಹೋಗಿ ಬರುವವರು ಆಡಿಕೊಳ್ಳತೊಡಗಿದರು: ಹಲ್ಲುಜ್ಜಿದ ಬಾಯಲ್ಲಿ ಒಂದು ಹುಳುಕು ಹಲ್ಲು ಬಿಟ್ಟಿದ್ದಾಳೆ ನೋಡಿ ಫಿನಾಯಿಲಕ್ಕ. ಯಂತ್ರಗಳನ್ನು ವಾಪಸು ಕಳಿಸುವ ಹಿಂದಿನ ದಿನ, ಆಳುಗಳೆಲ್ಲ ಮನೆಗೆ ಹೋದ ಮೇಲೆ, ಅವಳು ಪಂಪು ನಡೆಸುವವನೊಬ್ಬನನ್ನು ಉಳಿಸಿಕೊಂಡು, ಹಗ್ಗ ದಾಟಿ, ಮೂತಿ ಹಿಡಿದಳು. ಕಡಲ ಕಡೆಯಿಂದ ಶುರುಮಾಡಿ ನಡುವಿನ ಬಿರುಕಿನವರೆಗೆ ಬಂದಳು. ಅಷ್ಟರಲ್ಲಿ ಉಬ್ಬರ ಏರಿ ನೀರು ಬೂಟಿನೊಳಗೆ ಬಂತು. ಪಂಪಿನವನು ಇನ್ನು ನಿಂತರೆ ಯಂತ್ರ ಮುಳುಗುತ್ತದೆ ಎಂದು ನಿಲ್ಲಿಸಿಬಿಟ್ಟ.

ಮರುದಿನ ಇಳಿತದ ಹೊತ್ತಿಗೆ ಮೇಷ್ಟ್ರು ಬಂದರು. ಬೈಗುಳಕ್ಕೆ ಸಿದ್ಧಳಾಗಿ, ತಿರುಗಿ ಬೈಯುವುದಕ್ಕೂ ಸಿದ್ಧಳಾಗಿ ಅವಳು ಬಂಡೆಯ ಪಕ್ಕದಲ್ಲೇ ನಿಂತಿದ್ದಳು. ಅವರು ಬಂಡೆಗೆ ಒಂದು ಸುತ್ತು ಬಂದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಆಮೇಲೆ, ಎಲ್ಲಿಯವರೆಗೆ ತೊಳೆದಿರಿ ಎಂದಷ್ಟೇ ಕೇಳಿದರು. ಅವಳು ಬಿರುಕು ತೋರಿಸಿದಳು. ಅವರು ಚೀಲದಿಂದ ಸುತ್ತಿಗೆ ತೆಗೆದು, ಗುರುತಿಗೆಂದು ಬಿರುಕಿನ ಉದ್ದಕ್ಕೂ ಸ್ಟೀಲಿನ ಮೊಳೆಗಳನ್ನು ಹೊಡೆದರು. ಅರ್ಧವಾದರೂ ಉಳಿಯಿತಲ್ಲ, ಇದನ್ನಾದರೂ ಬಿಡಿ ಎಂದರು. ಅವಳು ಹೂಂ ಎಂದಳು. ಅವತ್ತು ಸಂಜೆ ಯಂತ್ರಗಳು ಲಾರಿ ಹತ್ತಿದವು.

ಮೊದಲ ವರ್ಷ ತೊಳೆದ ಬಂಡೆಗಳ ಮೇಲೆ ನುಣ್ಣನೆಯ ಹಸಿರು ಪಾಚಿ ಬಂತು. ಊರೆಲ್ಲ ಹಿಗ್ಗಿತು, ನೋಡಿ, ಕಡಲು ಬದುಕಿತು ಎಂದರು. ಆ ಹಸಿರನ್ನು ಮೇಯುವ ಹುಳುಗಳಿರಲಿಲ್ಲ, ಅದಕ್ಕೆ ಬೇರೂರುವ ಬಲವಿರಲಿಲ್ಲ. ದೊಡ್ಡ ಅಲೆಗಳ ಕಾಲ ಬಂದಾಗ ಬೋಳಿಸಿದಂತೆ ಕಿತ್ತುಕೊಂಡು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕಪ್ಪೆಚಿಪ್ಪು ಮಾತ್ರ ಬರಲಿಲ್ಲ. ನಾದಿನಿ ಉಳಿಯನ್ನು ಹಿತ್ತಲಿನ ಮಾಡಿಗೆ ಸಿಕ್ಕಿಸಿ, ಅತ್ತಿಗೆಯ ಕೈಕೆಳಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ದಿನವಿಡೀ ಬಿಳಿ ಹಾಸಿಗೆಬಟ್ಟೆ ಮಡಚುವ ಕೆಲಸ. ಚೆನ್ನಾಗಿಯೇ ಮಡಚುತ್ತಿದ್ದಳು. ಅವಳ ಅಂಗೈಯ ಗಡಸು ಹೋಗಿ ಮೆತ್ತಗಾಯಿತು. ಮನೆಗೆ ಈಗ ಶುಭ್ರವಾದ ಕಾಲಲ್ಲೇ ಬರುತ್ತಿದ್ದಳು. ಮನೆಯಲ್ಲಿ ಜಗಳ ನಿಂತುಹೋಯಿತು. ಊಟದ ಹೊತ್ತಿನಲ್ಲಿ ತಟ್ಟೆಗಳ ಸದ್ದು ಕೇಳುವಷ್ಟು ಮೌನ. ನಾನು ಕರಗೋದೇ ನಿಂತುಹೋಯ್ತಲ್ಲ ಎಂದು ಗಂಡ ಒಮ್ಮೆ ನಗಿಸಲು ನೋಡಿದ. ಇಬ್ಬರೂ ನಗಲಿಲ್ಲ.

ಮೂರನೆಯ ವರ್ಷ ಮೇಷ್ಟ್ರು ಆಸ್ಪತ್ರೆಗೆ ರಕ್ತದೊತ್ತಡ ತೋರಿಸಲು ಬಂದವರು, ಅವಳನ್ನು ಹುಡುಕಿಕೊಂಡು ಬಂದು, ಬಂಡೆಯನ್ನು ಒಮ್ಮೆ ನೋಡಿ ಹೋಗಿ ಎಂದು ಕರೆದರು. ಅಂದಿನಿಂದ ಅವಳು ಆ ಕಡೆ ಹೋಗಿರಲಿಲ್ಲ. ರಜೆಯ ದಿನ ಅದೇ ಬೂಟು ಹಾಕಿಕೊಂಡು ಹೋದಳು.

ಬಂಡೆ ಎರಡು ಬೇರೆ ಬೇರೆ ಕಲ್ಲುಗಳನ್ನು ಅಂಟಿಸಿದಂತಿತ್ತು. ತೊಳೆಯದ ಅರ್ಧದಲ್ಲಿ ಎಣ್ಣೆ ಒಣಗಿ, ಹಳೆಯ ರಸ್ತೆಯ ಡಾಂಬರಿನಂತೆ ಅಲ್ಲಲ್ಲಿ ಹೆಪ್ಪುಗಟ್ಟಿ, ಹೆಚ್ಚಿನದು ಅಲೆಗೆ ಸವೆದುಹೋಗಿತ್ತು. ಅದರ ಮೇಲೆ ಕಂದು ಬಣ್ಣದ ಕಡಲಪಾಚಿ ದಟ್ಟವಾಗಿ ಜೋಲುತ್ತಿತ್ತು. ಮೇಷ್ಟ್ರು ಅದನ್ನು ಪರದೆಯಂತೆ ಸರಿಸಿದರು. ಅಡಿಯಲ್ಲಿ ತೇವ, ತಂಪು. ಬಸವನಹುಳುಗಳು, ಉಗುರಿನಷ್ಟು ಏಡಿಗಳು, ಅಕ್ಕಿಕಾಳಿನಷ್ಟು ಮರಿ ಕಪ್ಪೆಚಿಪ್ಪುಗಳು. ಮೊಳೆಗಳ ಆಚೆಗೆ ಬರೀ ಕಲ್ಲು. ಫಿನಾಯಿಲಕ್ಕ ತೊಳೆದ ಅರ್ಧದ ಮೇಲೆ ಬೆರಳು ಸವರಿ ಬೆಳಕಿಗೆ ಹಿಡಿದಳು. ಏನೂ ಇರಲಿಲ್ಲ. ಆಸ್ಪತ್ರೆಯಲ್ಲಾಗಿದ್ದರೆ ಭೇಷ್ ಅನ್ನಬೇಕಾದ ಬೆರಳು.

"ಬಿಸಿನೀರಿಂದಾನಾ?" ಎಂದು ಕೇಳಿದಳು.

"ಬಿಸಿ, ಅದರ ರಭಸ, ಎರಡೂ. ಸುಮಾರು ಎಣ್ಣೆಯಿಂದಲೇ ಸತ್ತಿದ್ವು. ಪಾಚಿ ಅಡಿಯಲ್ಲಿ ಉಳಿದಿದ್ದನ್ನ ನಾವು ಬೇಯಿಸಿದ್ವಿ."

"ನೀವಲ್ಲ, ನಾನು."

ಮೇಷ್ಟ್ರು ಅದಕ್ಕೆ ತಲೆಯಾಡಿಸಲಿಲ್ಲ. ಎಲ್ಲರಿಗೂ ದಡ ಬೇಗ ಬೆಳ್ಳಗೆ ಕಾಣಬೇಕಿತ್ತು, ತನಗೂ ಆಗ ಖಚಿತವಿರಲಿಲ್ಲ, ಇದ್ದಿದ್ದರೆ ಒಂದೇ ಬಂಡೆಗೆ ಹಗ್ಗ ಕಟ್ಟುತ್ತಿರಲಿಲ್ಲ ಎಂದರು. ಆಮೇಲೆ ಅವಳನ್ನು ಪಕ್ಕದ ಸಣ್ಣ ಕೊಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಅಲೆಯಿಲ್ಲ, ಮೇಲಿನ ಎಣ್ಣೆ ಬಳಿದು ಸಾಕೆಂದು ಬಿಟ್ಟಿದ್ದ ಜಾಗ. ಮರಳನ್ನು ಒಂದು ಗೇಣು ತೋಡಿದರು. ಗುಂಡಿಯಲ್ಲಿ ನೀರಿನ ಜೊತೆ ಕಪ್ಪು ಒಸರಿತು, ನಿನ್ನೆ ಚೆಲ್ಲಿದಷ್ಟು ಹಸಿಯಾದ ವಾಸನೆ. ಇಲ್ಲಿ ಮರಳಿನ ಹುಳು ಒಂದೂ ವಾಪಸು ಬಂದಿಲ್ಲ, ಇಲ್ಲಿ ಇನ್ನೂ ಆಳಕ್ಕೆ ತೆಗೆಯಬೇಕಿತ್ತು ಎಂದರು. ತೊಳೆಯಲೇಬಾರದು ಎಂದು ತಾನು ಹೇಳುತ್ತಿಲ್ಲ ಎಂದೂ ಸೇರಿಸಿದರು. ಅಲೆ ಬಡಿಯುವಲ್ಲಿ ಕಡಲು ತಾನೇ ತೊಳೆದುಕೊಳ್ಳುತ್ತದೆ, ಅಲೆಯಿಲ್ಲದಲ್ಲಿ ಅದಕ್ಕೆ ಕೈಯಿಲ್ಲ. ಅವಳು ಗುಂಡಿಯನ್ನು ಕಾಲಿನಿಂದ ಮುಚ್ಚಿ, ಇನ್ನೇನೂ ಕೇಳದೆ ಮನೆಗೆ ಬಂದಳು.

ನಾದಿನಿ ಅಡುಗೆಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ಅಣ್ಣ ಅಲ್ಲೇ ಗೋಡೆಗೆ ಒರಗಿ ಕೂತಿದ್ದ. ಫಿನಾಯಿಲಕ್ಕ ಬೂಟು ಬಿಚ್ಚಲಿಲ್ಲ.

"ನಿನ್ನ ಬಂಡೆಗಳನ್ನ ನಾನೇ ಬೇಯಿಸ್ಬಿಟ್ಟೆ ಕಣೇ."

ನಾದಿನಿಯ ಕೈ ನಿಲ್ಲಲಿಲ್ಲ. "ಗೊತ್ತು ಅತ್ತಿಗೆ."

"ಯಾವಾಗಿಂದ?"

"ಆವಾಗಿಂದಾನೇ. ಹಬೆಯಲ್ಲಿ ವಾಸನೆ ಬರ್ತಿತ್ತಲ್ಲ. ಚಿಪ್ಪು ಬೇಯಿಸಿದ ಪಾತ್ರೆ ಮುಚ್ಚಳ ತೆಗೆದಾಗ ಬರುತ್ತೆ ನೋಡಿ, ಅದೇ ವಾಸನೆ."

"ಬಾಯಿಬಿಟ್ಟು ಹೇಳ್ಬಾರದಿತ್ತಾ?"

"ಏನಂತ ಹೇಳ್ಲಿ? ಈ ಮನೆಗೆ ಬಂದಾಗಿನಿಂದ ನನ್ನ ಕೆಲಸ ಕಂಡ್ರೆ ಮೂಗು ಮುರೀತಿದ್ರಿ. ಮೊದಲನೇ ಸಲ ನನ್ನ ಬಂಡೆ ಹತ್ರ ಬಂದು, ನನಗೋಸ್ಕರ ಸೊಂಟ ಮುರ್ಕೊಂಡು ದುಡೀತಿದ್ರಿ. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಫಿನಾಯಿಲಕ್ಕ ಅಳಲಿಲ್ಲ; ಅಳುವ ಪೈಕಿ ಅವಳಲ್ಲ. ಗಂಡ ಎದ್ದು, ತನಗೆ ಬಾರದ ಕೆಲಸಕ್ಕೆ ಕೈ ಹಾಕಿ, ಮೂವರಿಗೂ ಟೀ ಮಾಡಿದ. ಸಕ್ಕರೆ ಹಾಕುವುದು ಮರೆತಿದ್ದ. ಹಾಗೆಯೇ ಕುಡಿದರು. ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಆಸ್ಪತ್ರೆಯವರು ಹುಷಾರಿಲ್ಲವೇನೋ ಎಂದು ಆಂಬುಲೆನ್ಸ್ ಡ್ರೈವರನನ್ನು ಕಳಿಸಿ ವಿಚಾರಿಸಿದರು.

ನಾದಿನಿ ಆ ತಿಂಗಳ ಕೊನೆಗೆ ಬಟ್ಟೆ ವಿಭಾಗ ಬಿಟ್ಟಳು. ಬಂಡೆಯಲ್ಲಿ ತೆಗೆಯುವಂಥದು ಇನ್ನೂ ಏನೂ ಇರಲಿಲ್ಲ. ಮೀನಿನ ಬುಟ್ಟಿ ಹೊತ್ತು ಮಾರಿದಳು, ಬಲೆ ರಿಪೇರಿ ಮಾಡಿದಳು. ಅತ್ತಿಗೆ ತಡೆಯಲಿಲ್ಲ. ತೊಳೆಯದ ಅರ್ಧದಿಂದ ಪಾಚಿಯ ಬೀಜ ಅಲೆಯ ಜೊತೆ ಪಕ್ಕದ ಬಂಡೆಗಳಿಗೆ ದಾಟಿ, ಒಂದೊಂದೇ ಬಿರುಕಿನಲ್ಲಿ ಹಿಡಿದುಕೊಳ್ಳತೊಡಗಿತು. ಅದರ ನೆರಳಲ್ಲಿ ಹುಳುಗಳು, ಹುಳುಗಳ ಹಿಂದೆ ಚಿಪ್ಪುಗಳು. ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿ ಇನ್ನು ತಿನ್ನಬಹುದು ಎನ್ನುವ ಹೊತ್ತಿಗೆ ನಾದಿನಿಯ ಕೂದಲು ನರೆತಿತ್ತು. ಹಳೆಯ ಉಳಿ ತುಕ್ಕು ಹಿಡಿದು ಹೋಗಿತ್ತು. ಅತ್ತಿಗೆ ಹೊಸದೊಂದನ್ನು ಕಮ್ಮಾರನಲ್ಲಿ ಮಾಡಿಸಿ ತಂದು, ಮಾತಿಲ್ಲದೆ ಮೆಟ್ಟಿಲ ಮೇಲೆ ಇಟ್ಟಳು. ಹಿಡಿ ದಪ್ಪವಾಯಿತು ಎಂದು ನಾದಿನಿ ಗೊಣಗಿದಳು. ಮನೆಯಲ್ಲಿ ಮತ್ತೆ ಮಾತಿಗೆ ಮಾತು ಶುರುವಾಯಿತು.

ಇನ್ನೂ ಕೆಲವು ವರ್ಷಗಳ ಮೇಲೆ, ಬಸ್ಸಿನಲ್ಲಿ ಅರ್ಧ ದಿನದ ದೂರದ ಇನ್ನೊಂದು ಬಂದರಿನಲ್ಲಿ ಎಣ್ಣೆಯ ಕೊಳವೆಯೊಂದು ಒಡೆಯಿತು. ಅಲ್ಲಿನ ಅಧಿಕಾರಿಗೆ ಮೇಷ್ಟ್ರ ಪರಿಚಯವಿತ್ತು. ಮೇಷ್ಟ್ರು ಫಿನಾಯಿಲಕ್ಕನನ್ನೂ ಕರೆದುಕೊಂಡು ಹೋದರು. ತಾನು ಹೇಳಿದರೆ ಪಾಠವಾಗುತ್ತದೆ, ತೊಳೆಯುವವರಿಗೆ ತೊಳೆದವಳೇ ಹೇಳಲಿ ಎಂದರು. ಆಳುಗಳ ಮುಂದೆ ನಿಂತು ಅವಳು ಹೆಚ್ಚೇನೂ ಹೇಳಲಿಲ್ಲ. ಬಿಸಿನೀರು ಬೇಡ, ತಣ್ಣೀರು ಸಾಕು. ಮೂತಿ ದೂರ ಹಿಡಿಯಿರಿ. ಪಾಚಿಯ ಮೇಲಿನ ಎಣ್ಣೆಯನ್ನು ಹೀರುಬಟ್ಟೆಯಿಂದ ಒತ್ತಿ ತೆಗೆಯಿರಿ, ಪಾಚಿಯನ್ನು ಕೀಳಬೇಡಿ. ಅಲೆ ಬಡಿಯುವ ಬಂಡೆಗಳನ್ನು ಬಿಟ್ಟುಬಿಡಿ. ನಿಂತ ನೀರಿನ ಕೊಲ್ಲಿಗಳಿಗೆ ಮೊದಲು ಹೋಗಿ. ಅವಳು ಮಾಡಿದ ತಪ್ಪನ್ನು ಅವರು ಕೇಳಲಿಲ್ಲ, ಅವಳೂ ವಿವರಿಸಲಿಲ್ಲ.

ಅಧಿಕಾರಿ ಮಾತ್ರ ಚಿಂತೆಯಲ್ಲಿದ್ದ. ಬಂಡೆಗಳು ಕಪ್ಪಗೇ ಇದ್ದರೆ, ಏನೂ ಮಾಡದೆ ಕೂತಿದ್ದಾರೆ ಅಂತ ಜನ ಬೈಯುತ್ತಾರಲ್ಲ ಎಂದ.

"ಬೈಸ್ಕೊಳ್ಳೋದೂ ಒಂದು ಕೆಲಸ ಅಂತ ತಿಳ್ಕೊಳ್ಳಿ ಸರ್," ಎಂದಳು ಫಿನಾಯಿಲಕ್ಕ. "ಸಂಬಳ ಬರುತ್ತಲ್ಲ."

ಅವನು ಅರ್ಧ ಕೇಳಿದ. ಜನ ಸಂಜೆ ತಿರುಗಾಡುವ ದಾರಿಯ ಕೆಳಗಿನ ಬಂಡೆಗಳನ್ನು ಬಿಸಿನೀರಲ್ಲೇ ತೊಳೆಸಿದ. ಆಚೆಯ ಉದ್ದನೆಯ ಸಾಲನ್ನು ಬಿಟ್ಟ. ಬೈಗುಳ ತಿಂದ, ವರ್ಗವೂ ಆದ.

ಫಿನಾಯಿಲಕ್ಕ ನಿವೃತ್ತಳಾಗಿದ್ದಾಳೆ. ಮೊಳಕಾಲು ನೋವಿನಿಂದ ದೂರ ಹೋಗಲಾರಳು. ಮೊನ್ನೆ ಆ ಅಧಿಕಾರಿ ತನ್ನ ಹೊಸ ಊರಿನಿಂದ ಹಳೆಯ ಬಂದರಿಗೆ ಹೋಗಿದ್ದಾಗ, ತೊಳೆಯದೆ ಬಿಟ್ಟ ಸಾಲಿನ ಚಿತ್ರವೊಂದನ್ನು ತೆಗೆದು ಅವಳ ಗಂಡನ ಫೋನಿಗೆ ಕಳಿಸಿದ್ದ. ಕಂದು ಪಾಚಿ ಹೊದ್ದ ಬಂಡೆಗಳು, ಮೇಲೆ ಎರಡು ಹಕ್ಕಿಗಳು. ಅವಳು ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಮೂಲೆ ಮೂಲೆಯನ್ನೂ ನೋಡಿದಳು. ಎಡಗಡೆಯ ಬಂಡೆಯ ಸಂದಿಯಲ್ಲಿ ಬೆಳ್ಳಗೆ ಕಾಣುವುದು ಏನೆಂದು ಕೇಳಿದಳು. ಪ್ಲಾಸ್ಟಿಕ್ ಚೀಲ ಇರಬೇಕು ಎಂದ ಗಂಡ.

ಅದನ್ನು ತೆಗೆಯೋಕೆ ಯಾರಿಗಾದರೂ ಹೇಳು ಎಂದಳು.